ಎಚ್‌ಎಲ್‌ಎ ವರದಿಯಲ್ಲಿ 13:01 ಇದ್ದರೆ ಗಂಟಲಿನ ಕ್ಯಾನ್ಸರ್ ಬಗ್ಗೆ ನಿಶ್ಚಿಂತೆಯಾಗಿರಬಹುದೇ?

ಹಸಿರೆಲೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತಂಗಿಗೆ ಮೂತ್ರಪಿಂಡ ಕೊಡಲು ನಾನು ಮುಂದಾದಾಗ ನಮ್ಮಿಬ್ಬರಿಗೂ ಎಚ್‌ಎಲ್‌ಎ ಪರೀಕ್ಷೆ (ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳು ಎಷ್ಟು ಹೊಂದುತ್ತವೆ ಎಂದು ನೋಡುವುದು) ಮಾಡಿಸಿದ್ದರು. ಕಸಿ ಆಯಿತು, ಆಕೆ ಈಗ ಚೆನ್ನಾಗಿದ್ದಾಳೆ. ಆ ವರದಿಯ ನನ್ನ ಪ್ರತಿಯಲ್ಲಿ ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1 ಎಂಬ ಐದು ಸಾಲುಗಳಿದ್ದು, ಪ್ರತಿ ಸಾಲಿನಲ್ಲೂ ಎರಡೆರಡು ಸಂಖ್ಯೆಗಳಿವೆ. ಡಿಆರ್‌ಬಿ1 ಎದುರು 13:01, ಡಿಕ್ಯೂಬಿ1 ಎದುರು 06:03 ಎಂದಿದೆ. ತಂಗಿಗೂ ನನಗೂ ಅರ್ಧ ಹೊಂದಾಣಿಕೆ ಎಂದು ಕೆಳಗೆ ಬರೆದಿದ್ದಾರೆ. ಆಕೆಯ ವರದಿ ನನ್ನ ಬಳಿ ಇಲ್ಲ.

ಮೊನ್ನೆ ಈ ಸಂಖ್ಯೆಗಳ ಬಗ್ಗೆ ಓದುತ್ತಿದ್ದಾಗ, ಇವೆರಡೂ ಒಟ್ಟಿಗೆ ಇರುವವರಲ್ಲಿ ಗಂಟಲಿನ ಕ್ಯಾನ್ಸರ್ ಬಹಳ ಕಡಿಮೆ ಎಂಬ ವಿವರ ಕಣ್ಣಿಗೆ ಬಿತ್ತು. ನನಗೆ ಇದು ಬರಿಯ ಕುತೂಹಲದ ವಿಷಯವಲ್ಲ. ನಮ್ಮ ತಂದೆ ಟಾನ್ಸಿಲ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಸಿಗರೇಟು ಸೇದುತ್ತಿದ್ದರು, ನಿಜ. ಆದರೆ ಅವರಿಗಿಂತ ಹೆಚ್ಚು ಸೇದಿದ ನಮ್ಮ ದೊಡ್ಡಪ್ಪ ಎಂಬತ್ತು ದಾಟಿಯೂ ಗಟ್ಟಿಯಾಗಿದ್ದಾರೆ. ಈ ವ್ಯತ್ಯಾಸಕ್ಕೆ ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳು ಕಾರಣವೇ? ನನ್ನಲ್ಲಿರುವ 13:01 ನನ್ನನ್ನು ಕಾಯುತ್ತದೆಯೇ? ನಾನು ಕೊಟ್ಟ ಮೂತ್ರಪಿಂಡದ ಜೊತೆಗೆ ಆ ರಕ್ಷಣೆ ತಂಗಿಗೂ ಹೋಗಿರಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮುಂಗಾರು

ಸಿಗರೇಟು, ಮದ್ಯ, ಅಡಿಕೆ ಎಂದು ಕಾರಣಗಳು ಕಣ್ಣೆದುರಿಗೇ ಇರುವಾಗ ಜೀನ್ ಹುಡುಕುವುದೇಕೆ ಎಂದು ನನಗೆ ಅರ್ಥವಾಗುವುದಿಲ್ಲ. ಇಂಥ ಚರ್ಚೆಯಿಂದ ಸೇದುವವರ ಕೈಗೆ ಇನ್ನೊಂದು ನೆಪ ಸಿಗುತ್ತದೆ, ಅಷ್ಟೆ.

ಜೀವಕೋಶ

ಮುಂಗಾರು ಅವರ ಕಳಕಳಿ ಸರಿಯಾದದ್ದೇ, ಆದರೆ ಪ್ರಶ್ನೆಯನ್ನು ಹಾಗೆ ತಳ್ಳಿಹಾಕುವಂತಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಬಾಯಿ, ನಾಲಿಗೆ, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಭಾಗ ಎಲ್ಲವನ್ನೂ ಸೇರಿಸಿ. 2018ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8.9 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಗುತ್ತದೆ. ಈ ಒಂದು ಹೆಸರಿನೊಳಗೆ ಕನಿಷ್ಠ ಮೂರು ಬಗೆಯ ಕಾಯಿಲೆಗಳಿವೆ. ತಂಬಾಕು ಮತ್ತು ಮದ್ಯದಿಂದ ಬರುವುದು ಒಂದು. ಎಚ್‌ಪಿವಿ ವೈರಸ್‌ನಿಂದ, ಅದರಲ್ಲೂ ಮುಖ್ಯವಾಗಿ ಅದರ 16ನೆಯ ಬಗೆಯಿಂದ, ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಬರುವುದು ಇನ್ನೊಂದು. ಎಪ್‌ಸ್ಟೀನ್-ಬಾರ್ ವೈರಸ್‌ನ ನಂಟಿರುವ, ಮೂಗಿನ ಹಿಂಭಾಗದ ಗಂಟಲಿನದು ಮತ್ತೊಂದು. ರೋಗನಿರೋಧಕ ಜೀನ್‌ಗಳ ಪಾತ್ರ ನಿಚ್ಚಳವಾಗಿ ಕಾಣುವುದು ವೈರಸ್ ಇರುವ ಈ ಕೊನೆಯ ಎರಡರಲ್ಲಿ.

ಕಾರಣ ಎಚ್‌ಎಲ್‌ಎ ಮಾಡುವ ಕೆಲಸದಲ್ಲಿದೆ. ಈ ಜೀನ್‌ಗಳು 6ನೆಯ ವರ್ಣತಂತುವಿನ ಗಿಡ್ಡ ತೋಳಿನ ಮೇಲೆ ಒತ್ತೊತ್ತಾಗಿ ಕುಳಿತಿವೆ. ಜೀವಕೋಶದೊಳಗಿನ ಪ್ರೊಟೀನ್‌ಗಳ ಸಣ್ಣ ತುಣುಕುಗಳನ್ನು ತಟ್ಟೆಯಲ್ಲಿಟ್ಟು ತೋರಿಸುವ ಹಾಗೆ ಜೀವಕೋಶದ ಹೊರಮೈಗೆ ತಂದು, ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳಾದ ಟಿ ಕಣಗಳಿಗೆ ತೋರಿಸುವುದು ಎ, ಬಿ, ಸಿ ಗುಂಪಿನ ಕೆಲಸ. ಡಿಆರ್, ಡಿಕ್ಯೂ, ಡಿಪಿ ಗುಂಪು ಹೊರಗಿನಿಂದ ನುಂಗಿಕೊಂಡ ಪ್ರೊಟೀನ್‌ಗಳ ತುಣುಕುಗಳನ್ನು ಸಹಾಯಕ ಟಿ ಕಣಗಳಿಗೆ ತೋರಿಸುತ್ತದೆ. ಯಾವ ತುಣುಕು ಯಾರ ಎಚ್‌ಎಲ್‌ಎಗೆ ಸರಿಯಾಗಿ ಕೂರುತ್ತದೆ ಎಂಬುದು ಮನುಷ್ಯರಿಂದ ಮನುಷ್ಯರಿಗೆ ಬೇರೆ. ಇದುವರೆಗೆ ಗುರುತಿಸಿರುವ ಎಚ್‌ಎಲ್‌ಎ ರೂಪಗಳೇ 30,000ಕ್ಕೂ ಹೆಚ್ಚು. ಎಚ್‌ಪಿವಿಯ ಇ6, ಇ7 ಪ್ರೊಟೀನ್‌ಗಳು ನಮ್ಮ ದೇಹಕ್ಕೆ ಪೂರ್ತಿ ಪರಕೀಯವಾದವು. ಅವುಗಳ ತುಣುಕನ್ನು ಚೆನ್ನಾಗಿ ಹಿಡಿದು ತೋರಿಸುವ ಎಚ್‌ಎಲ್‌ಎ ಇದ್ದವರ ದೇಹ ಸೋಂಕನ್ನು ಬೇಗ ತೊಳೆದುಹಾಕೀತು ಎಂಬುದು ತರ್ಕ.

ಹಸಿರೆಲೆ ಅವರು ಓದಿರುವುದು ಬಹುಶಃ 2016ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ವಿಷಯ. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಇದ್ದ 6,034 ಜನರನ್ನೂ ಇಲ್ಲದ 6,585 ಜನರನ್ನೂ ಹೋಲಿಸಿ ಇಡೀ ಜೀನೋಮ್ ಜಾಲಾಡಿದ್ದರು. ಡಿಆರ್‌ಬಿ1*13:01, ಡಿಕ್ಯೂಎ1*01:03, ಡಿಕ್ಯೂಬಿ1*06:03 ಈ ಮೂರೂ ಒಂದೇ ಕಟ್ಟಾಗಿ ಬಂದವರಲ್ಲಿ ಟಾನ್ಸಿಲ್ ಭಾಗದ ಕ್ಯಾನ್ಸರ್ ಕಡಿಮೆ ಕಂಡಿತು. ಎಚ್‌ಪಿವಿ ಇರುವ ಗೆಡ್ಡೆಗಳಲ್ಲಿ ಸಾಧ್ಯತಾ ಅನುಪಾತ (1ಕ್ಕಿಂತ ಎಷ್ಟು ಕಡಿಮೆಯೋ ಅಪಾಯ ಅಷ್ಟು ಕಡಿಮೆ) 0.23, ಎಚ್‌ಪಿವಿ ಇಲ್ಲದವುಗಳಲ್ಲಿ 0.75. ಇದೇ ಕಟ್ಟು ಗರ್ಭಕೊರಳಿನ ಕ್ಯಾನ್ಸರ್‌ನಲ್ಲೂ ರಕ್ಷಕ ಎಂದು ಮೊದಲೇ ಕಂಡುಬಂದಿತ್ತು. ಎರಡೂ ಕಡೆ ಕಾರಣ ಅದೇ ವೈರಸ್ ಆಗಿರುವುದರಿಂದ ಈ ಹೊಂದಿಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಸಂಖ್ಯಾಪ್ರೇಮಿ

ಜೀವಕೋಶ ಅವರ ವಿವರಣೆಗೆ ಒಂದು ತಿದ್ದುಪಡಿ ಸೇರಿಸಬೇಕು. 0.75 ಎಂಬುದನ್ನು 0.23ರ ಪಕ್ಕದಲ್ಲಿಟ್ಟರೆ ‘ಅಲ್ಲಿ ಹೆಚ್ಚು ರಕ್ಷಣೆ, ಇಲ್ಲಿ ಸ್ವಲ್ಪ ರಕ್ಷಣೆ’ ಎಂದು ಓದುಗರು ತಿಳಿಯುತ್ತಾರೆ. ಎಚ್‌ಪಿವಿ ಇಲ್ಲದ ಗುಂಪಿನಲ್ಲಿ ಕಂಡ ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಲ್ಲುವಂಥದ್ದಾಗಿರಲಿಲ್ಲ, ಅದು ಕಾಕತಾಳೀಯವೂ ಇರಬಹುದು. ಜೊತೆಗೆ ಅಧ್ಯಯನದಲ್ಲಿ ಇದ್ದವರು ಯುರೋಪ್, ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕದವರು. ಎಚ್‌ಎಲ್‌ಎ ಭಾಗದಲ್ಲಿ ಜೀನ್‌ಗಳು ಗುಂಪಾಗಿಯೇ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತವೆ, ಮತ್ತು ಯಾವ ಗುಂಪಿನಲ್ಲಿ ಯಾವುದು ಯಾವುದರ ಜೊತೆ ಇರುತ್ತದೆ ಎಂಬುದು ಜನಸಮುದಾಯದಿಂದ ಜನಸಮುದಾಯಕ್ಕೆ ಬದಲಾಗುತ್ತದೆ. ಆದ್ದರಿಂದ ಕಾಯುತ್ತಿರುವುದು 13:01 ತಾನೇ ಹೌದೋ ಅಥವಾ ಅದರ ಜೊತೆಗೆ ಅಂಟಿಕೊಂಡು ಬಂದ ಪಕ್ಕದ ಜೀನೋ ಎಂದು ಬಿಡಿಸಿ ಹೇಳುವುದು ಬಹಳ ಕಷ್ಟ.

ದೊಡ್ಡಪ್ಪನವರ ಉದಾಹರಣೆಯ ಬಗ್ಗೆಯೂ ಒಂದು ಮಾತು. ಒಡಹುಟ್ಟಿದ ಇಬ್ಬರಲ್ಲಿ ಎಚ್‌ಎಲ್‌ಎ ಪೂರ್ತಿ ಒಂದೇ ಆಗಿರುವ ಸಾಧ್ಯತೆ 25 ಶೇಕಡ, ಅರ್ಧ ಹೊಂದುವುದು 50 ಶೇಕಡ, ಏನೂ ಹೊಂದದಿರುವುದು 25 ಶೇಕಡ. ನಿಮ್ಮ ತಂದೆ ಮತ್ತು ದೊಡ್ಡಪ್ಪ ಈ ಮೂರರಲ್ಲಿ ಯಾವುದಕ್ಕೆ ಸೇರಿದವರು ಎಂದು ತಿಳಿಯದೆ ಅವರಿಬ್ಬರ ಹಣೆಬರಹದ ಅಂತರವನ್ನು ಜೀನ್‌ಗೆ ಕಟ್ಟುವಂತಿಲ್ಲ.

ಮುಂಗಾರು

ನಾನು ಹೇಳಿದ್ದೂ ಅದನ್ನೇ. ಹಾಗಾದರೆ ಜೀನ್ ಲೆಕ್ಕಕ್ಕಿಲ್ಲ ಎಂದಾಯಿತಲ್ಲ?

ಸಂಖ್ಯಾಪ್ರೇಮಿ

ಹಾಗಾಗಲಿಲ್ಲ. ಇನ್‌ಹ್ಯಾನ್ಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ 1.7 ಪಟ್ಟು. ತಂದೆತಾಯಿಯ ಮಾತಾದರೆ 1.5, ಒಡಹುಟ್ಟಿದವರ ಮಾತಾದರೆ 2.2. ಆದರೆ ಕುಟುಂಬದಲ್ಲಿ ಕಾಯಿಲೆ ಇದ್ದು ತಾವೂ ತಂಬಾಕು ಮತ್ತು ಮದ್ಯ ಎರಡನ್ನೂ ಬಳಸುತ್ತಿದ್ದವರಲ್ಲಿ ಅದು 7.2ಕ್ಕೆ ಏರಿತು. ವಂಶದ ಪಾಲು ಇದೆ, ಮತ್ತು ಅದು ತಂಬಾಕಿನ ಜೊತೆ ಸೇರಿದಾಗಲೇ ಬಲವಾಗುತ್ತದೆ. ನಿಮ್ಮ ವಾದಕ್ಕೆ ಇದು ಪುಷ್ಟಿಯನ್ನೇ ಕೊಡುತ್ತದೆ, ನೆಪವನ್ನಲ್ಲ.

ಬೆಳ್ಳಿಚುಕ್ಕಿ

ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಂಡರೆ ಎಲ್ಲ ಕ್ಯಾನ್ಸರ್‌ಗಳಿಂದಲೂ ಪಾರಾಗಬಹುದು ಎಂದು ಎಲ್ಲೆಡೆ ಕೇಳುತ್ತೇವೆ. ಜೀನ್ ಹೇಗೇ ಇರಲಿ, ಶಕ್ತಿ ಹೆಚ್ಚಿಸಿಕೊಂಡರೆ ಸಾಲದೇ?

ಜೀವಕೋಶ

ಹೆಚ್ಚು, ಕಡಿಮೆ ಎಂದು ಒಂದೇ ಅಳತೆಗೋಲಿನಲ್ಲಿ ಅಳೆಯುವಂಥದ್ದು ಅದಲ್ಲ. 13:01 ಇರುವವರು ನೆಗಡಿಯನ್ನೂ ಕ್ಷಯವನ್ನೂ ಇತರರಿಗಿಂತ ಚೆನ್ನಾಗಿ ಎದುರಿಸುತ್ತಾರೆ ಎಂದು ಯಾರೂ ಹೇಳಿಲ್ಲ. ಒಂದು ನಿರ್ದಿಷ್ಟ ವೈರಸ್‌ನ ತುಣುಕನ್ನು ಗುರುತಿಸಲು ಅದು ಅನುಕೂಲವಾಗಿರಬಹುದು, ಅಷ್ಟೇ. ಕೆಲವು ಎಚ್‌ಎಲ್‌ಎ ರೂಪಗಳು ಒಂದು ಕಾಯಿಲೆಯಿಂದ ಕಾಯುತ್ತಲೇ, ದೇಹ ತನ್ನನ್ನೇ ಆಕ್ರಮಿಸಿಕೊಳ್ಳುವ ಮತ್ತೊಂದು ಕಾಯಿಲೆಗೆ ದಾರಿ ಮಾಡಿಕೊಡುತ್ತವೆ. ಬಾಯಿಯ ಮೂಲಕ ತೆಗೆದುಕೊಳ್ಳುವ ಯಾವ ಪುಡಿಯೂ ಎಚ್‌ಎಲ್‌ಎ ಬದಲಿಸುವುದಿಲ್ಲ.

ಪೂರ್ವದಿಕ್ಕು

ಮೂಗಿನ ಹಿಂಭಾಗದ ಕ್ಯಾನ್ಸರ್ ವಿಷಯ ಬಂದದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಕ್ಷೇತ್ರದ ಕಥೆ ಶುರುವಾದದ್ದೇ ಅಲ್ಲಿಂದ. ಈ ಕ್ಯಾನ್ಸರ್ ಜಗತ್ತಿನ ಬಹುಪಾಲು ಕಡೆ ಅಪರೂಪ. ದಕ್ಷಿಣ ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಮಾತ್ರ ಬಹಳ ಹೆಚ್ಚು. ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ಬಹುತೇಕ ಎಲ್ಲ ವಯಸ್ಕರಿಗೂ ಅಂಟಿರುವಾಗ ಕಾಯಿಲೆ ಒಂದೇ ಪ್ರದೇಶದಲ್ಲಿ ಏಕೆ ಹೆಚ್ಚು ಎಂಬ ಪ್ರಶ್ನೆಯೇ ಸಂಶೋಧಕರನ್ನು ಎಚ್‌ಎಲ್‌ಎಯ ಕಡೆಗೆ ತಿರುಗಿಸಿತು. 1974ರಲ್ಲೇ ಸಿಂಗಪುರದ ಚೀನೀ ರೋಗಿಗಳಲ್ಲಿ ಎಚ್‌ಎಲ್‌ಎ ವಿನ್ಯಾಸ ಆರೋಗ್ಯವಂತರಿಗಿಂತ ಬೇರೆಯಾಗಿದೆ ಎಂದು ಪ್ರಕಟಿಸಿದ್ದರು. ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲೂ 6ನೆಯ ವರ್ಣತಂತುವಿನ ಅದೇ ಭಾಗ ಮತ್ತೆ ಮತ್ತೆ ಎದ್ದು ಕಂಡಿದೆ. ಚೀನೀ ಸಮುದಾಯಗಳಲ್ಲಿ ಎ*02:07 ಇರುವವರಿಗೆ ಅಪಾಯ ಹೆಚ್ಚು, ಎ*11:01 ಇರುವವರಿಗೆ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಮರುಕಳಿಸಿದ ಫಲಿತಾಂಶ.

ಆದರೂ ಆ ಪ್ರದೇಶದಲ್ಲಿ ರೋಗವನ್ನು ಬೇಗ ಹಿಡಿಯಲು ವೈದ್ಯರು ಎಚ್‌ಎಲ್‌ಎ ಪರೀಕ್ಷೆಯನ್ನು ನೆಚ್ಚಿಕೊಂಡಿಲ್ಲ. ಹಾಂಗ್‌ಕಾಂಗ್‌ನಲ್ಲಿ ಯಾವ ಲಕ್ಷಣವೂ ಇಲ್ಲದ 20,000ಕ್ಕೂ ಹೆಚ್ಚು ಗಂಡಸರ ರಕ್ತದಲ್ಲಿ ಈ ವೈರಸ್‌ನ ಡಿಎನ್‌ಎ ಹುಡುಕಿ, ಕಾಯಿಲೆಯನ್ನು ಆರಂಭದ ಹಂತದಲ್ಲೇ ಪತ್ತೆ ಮಾಡಬಹುದೆಂದು 2017ರಲ್ಲಿ ತೋರಿಸಿದರು. ಹುಟ್ಟಿನಿಂದ ಬಂದ ಜೀನ್ ಅಪಾಯದ ಅಂದಾಜನ್ನು ಕೊಡುತ್ತದೆ, ರಕ್ತದಲ್ಲಿ ತೇಲುವ ವೈರಸ್‌ನ ತುಣುಕು ಇವತ್ತಿನ ಸ್ಥಿತಿಯನ್ನು ಹೇಳುತ್ತದೆ. ಪರೀಕ್ಷೆಗೆ ಹಣ ಮತ್ತು ಶ್ರಮ ಹಾಕುವುದಾದರೆ ಎರಡನೆಯದಕ್ಕೆ ಹಾಕುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಸಿರೆಲೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಂದೆಯವರ ಬಯಾಪ್ಸಿ ವರದಿಯನ್ನು ಹುಡುಕಿ ತೆಗೆದೆ. ಕೊನೆಯ ಸಾಲಿನಲ್ಲಿ ‘ಪಿ16: ನೆಗೆಟಿವ್’ ಎಂದಿದೆ. ಆಗ ನಮಗೆ ಯಾರೂ ಅದರ ಅರ್ಥ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಜೀವಕೋಶ

ನಿಮ್ಮ ಪ್ರಶ್ನೆಯ ಕೀಲಿ ಆ ಸಾಲಿನಲ್ಲೇ ಇದೆ. ಎಚ್‌ಪಿವಿಯ ಇ7 ಪ್ರೊಟೀನ್ ಜೀವಕೋಶದ ಆರ್‌ಬಿ ಎಂಬ ತಡೆಯನ್ನು ಕಿತ್ತುಹಾಕಿದಾಗ ಪಿ16 ಎಂಬ ಪ್ರೊಟೀನ್ ವಿಪರೀತ ಹೆಚ್ಚುತ್ತದೆ. ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿದಾಗ ಗೆಡ್ಡೆಯ ಬಹುಪಾಲು ಕಂದು ಬಣ್ಣಕ್ಕೆ ತಿರುಗಿದರೆ ಎಚ್‌ಪಿವಿಯ ಕೈವಾಡ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ನೆಗೆಟಿವ್ ಎಂದರೆ ನಿಮ್ಮ ತಂದೆಯವರ ಗೆಡ್ಡೆ ಹೆಚ್ಚಿನ ಮಟ್ಟಿಗೆ ತಂಬಾಕಿನ ದಾರಿಯಲ್ಲಿ ಬಂದದ್ದು. 13:01 ಯಾವ ಬಗೆಯ ಕಾಯಿಲೆಯಲ್ಲಿ ನಿಚ್ಚಳವಾಗಿ ರಕ್ಷಣೆ ತೋರಿಸಿತೋ ಆ ಬಗೆಯದ್ದು ಅವರ ಕಾಯಿಲೆ ಆಗಿರಲಿಲ್ಲ. ನಿಮಗೂ ಅಷ್ಟೇ: ಸಿಗರೇಟಿನಿಂದ ಬರುವ ಅಪಾಯದ ವಿರುದ್ಧ ಆ ಸಂಖ್ಯೆಯನ್ನು ನೆಚ್ಚಿಕೊಳ್ಳಲು ಆಧಾರವಿಲ್ಲ.

ಈ ಎರಡು ಬಗೆಗಳ ಅಂತರ ಎಷ್ಟೆಂದರೆ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಚ್‌ಪಿವಿ ಇದ್ದ ಗಂಟಲಿನ ಕ್ಯಾನ್ಸರ್ ರೋಗಿಗಳಲ್ಲಿ 3 ವರ್ಷದ ನಂತರ ಬದುಕಿದ್ದವರು 82.4 ಶೇಕಡ, ಇಲ್ಲದವರಲ್ಲಿ 57.1 ಶೇಕಡ. ಕಾಯಿಲೆಯ ಹಂತ ನಿರ್ಧರಿಸುವ ನಿಯಮಗಳನ್ನೂ ಈಗ ಪಿ16 ನೋಡಿಯೇ ಬೇರೆ ಬೇರೆ ಮಾಡಿದ್ದಾರೆ.

ಆರೈಕೆ

ನಾನು ಕಸಿ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತೇನೆ. ಹಸಿರೆಲೆ ಅವರ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಮೂತ್ರಪಿಂಡದ ಜೊತೆ ರಕ್ಷಣೆ ಹೋಗುವುದಿಲ್ಲ. ನಿಮ್ಮ ಎಚ್‌ಎಲ್‌ಎ ಇರುವುದು ಆ ಮೂತ್ರಪಿಂಡದ ಜೀವಕೋಶಗಳ ಮೇಲೆ ಮಾತ್ರ. ತಂಗಿಯ ಗಂಟಲೂ ಆಕೆಯ ಬಿಳಿ ರಕ್ತಕಣಗಳೂ ಆಕೆಯವೇ. ಅರ್ಧ ಹೊಂದಾಣಿಕೆ ಎಂದರೆ, ತಂದೆಯಿಂದ ಒಂದು ತಾಯಿಯಿಂದ ಒಂದು ಎಂದು ನಿಮಗೆ ಬಂದ ಎರಡು ಕಟ್ಟುಗಳಲ್ಲಿ ಒಂದು ಆಕೆಯಲ್ಲೂ ಇದೆ. ಅದು 13:01 ಇರುವ ಕಟ್ಟೇ ಅಥವಾ ಇನ್ನೊಂದೇ ಎಂಬುದು ಆಕೆಯ ವರದಿ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಇದ್ದರೂ ಅದರ ಮೇಲೆ ಭರವಸೆ ಇಡಬೇಡಿ. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುವ ಟ್ಯಾಕ್ರೊಲಿಮಸ್‌ನಂಥ ಔಷಧಿಗಳು ಟಿ ಕಣಗಳನ್ನೇ ಸುಮ್ಮನಾಗಿಸುತ್ತವೆ. ಎಚ್‌ಎಲ್‌ಎ ಎಷ್ಟು ಚೆನ್ನಾಗಿ ತೋರಿಸಿದರೂ ಕಂಡು ಎದ್ದೇಳಬೇಕಾದ ಕಣಗಳು ಮಂಕಾಗಿರುತ್ತವೆ. ಕಸಿಯಾದವರಲ್ಲಿ ಚರ್ಮ ಮತ್ತು ತುಟಿಯ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು, ಬಾಯಿ ಮತ್ತು ಗಂಟಲಿನದೂ ಹೆಚ್ಚು. ಹಾಗೆಂದು ಆಕೆ ಔಷಧಿಯ ಪ್ರಮಾಣವನ್ನು ತಾನೇ ಕಡಿಮೆ ಮಾಡಿಕೊಂಡರೆ ಮೂತ್ರಪಿಂಡವನ್ನೇ ಕಳೆದುಕೊಳ್ಳಬೇಕಾಗುತ್ತದೆ, ಆ ಯೋಚನೆ ಖಂಡಿತ ಬೇಡ. ತಪಾಸಣೆಗೆ ಹೋದಾಗಲೆಲ್ಲ ತುಟಿ, ಬಾಯಿ, ಕುತ್ತಿಗೆ ನೋಡಿಸಿಕೊಳ್ಳಲಿ, ಬಿಸಿಲಿನಲ್ಲಿ ತುಟಿಗೂ ರಕ್ಷಣೆ ಇರಲಿ. ಎಚ್‌ಪಿವಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಆದ್ದರಿಂದ ಈ ಔಷಧಿ ತೆಗೆದುಕೊಳ್ಳುವವರಿಗೂ ಅದನ್ನು ಕೊಡಬಹುದು. ಆಕೆಯ ವಯಸ್ಸಿಗೆ ಅದು ಉಪಯುಕ್ತವೇ ಎಂದು ಕಸಿ ವೈದ್ಯರನ್ನು ಕೇಳಿ.

ನಸುಕು

ಮೂತ್ರಪಿಂಡದಲ್ಲಿ ಹೋಗುವುದಿಲ್ಲ ಸರಿ, ಅಸ್ಥಿಮಜ್ಜೆ ಕಸಿಯಲ್ಲಿ? ಅಲ್ಲಿ ರಕ್ತಕಣಗಳೆಲ್ಲ ದಾನಿಯವೇ ಆಗುತ್ತವಲ್ಲ?

ಜೀವಕೋಶ

ಒಳ್ಳೆಯ ಪ್ರಶ್ನೆ. ಫ್ಯಾಂಕೋನಿ ರಕ್ತಹೀನತೆ ಎಂಬ ಅಪರೂಪದ ವಂಶಪಾರಂಪರ್ಯ ಕಾಯಿಲೆಯನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅವರಲ್ಲಿ ಡಿಎನ್‌ಎ ದುರಸ್ತಿ ಮಾಡುವ ಜೀನ್‌ಗಳೇ ಕೆಟ್ಟಿರುತ್ತವೆ, ಬಾಯಿಯ ಕ್ಯಾನ್ಸರ್ ಸಾಮಾನ್ಯರಿಗಿಂತ ನೂರಾರು ಪಟ್ಟು ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲೇ. ಅಸ್ಥಿಮಜ್ಜೆ ಕಸಿಯಿಂದ ಅವರ ರಕ್ತ ಸರಿಹೋಗುತ್ತದೆ, ಆರೋಗ್ಯವಂತ ದಾನಿಯ ಟಿ ಕಣಗಳೂ ಬರುತ್ತವೆ. ಆದರೆ ಬಾಯಿಯ ಒಳಪದರ ಅವರದ್ದೇ ಆಗಿ ಉಳಿಯುವುದರಿಂದ ಕ್ಯಾನ್ಸರ್‌ನ ಅಪಾಯ ಹೋಗುವುದಿಲ್ಲ. ದಾನಿಯ ಕಣಗಳು ರೋಗಿಯ ದೇಹದ ಮೇಲೆ ತಿರುಗಿಬಿದ್ದರೆ ಅಪಾಯ ಇನ್ನಷ್ಟು ಏರುತ್ತದೆ. ಕ್ಯಾನ್ಸರ್ ಶುರುವಾಗುವ ಜೀವಕೋಶದ ಒಳಗಿನ ದೋಷವೂ ಅದನ್ನು ಗುರುತಿಸಬೇಕಾದ ವ್ಯವಸ್ಥೆಯೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ದಂತಪಂಕ್ತಿ

ದಂತವೈದ್ಯೆಯಾಗಿ ಎರಡು ಮಾತು. ಬಾಯಿ ನೋಡುವುದೆಂದರೆ ಹಲ್ಲು ನೋಡುವುದಷ್ಟೇ ಅಲ್ಲ. ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಬದಿಗೆ ಎಳೆದು ಅಂಚಿನ ಹಿಂಭಾಗ ನೋಡಬೇಕು, ಆಮೇಲೆ ಇನ್ನೊಂದು ಬದಿ. ನಾಲಿಗೆ ಎತ್ತಿಸಿ ಕೆಳಗಿನ ತಳ ನೋಡಬೇಕು, ಕೆನ್ನೆಯ ಒಳಮೈ ಬಿಡಿಸಿ ನೋಡಬೇಕು, ಕುತ್ತಿಗೆಯ ಎರಡೂ ಬದಿ ಬೆರಳಿನಿಂದ ಒತ್ತಿ ನೋಡಬೇಕು. ಕೆಂಪು ಮಚ್ಚೆ ಬಿಳಿ ಮಚ್ಚೆಗಿಂತ ಹೆಚ್ಚು ಅಪಾಯಕಾರಿ. ಎಚ್‌ಪಿವಿಯಿಂದ ಬರುವ ಟಾನ್ಸಿಲ್ ಕ್ಯಾನ್ಸರ್ ಎಷ್ಟೋ ಸಲ ಬಾಯಿಯಲ್ಲಿ ಏನೂ ತೋರಿಸದೆ, ನೋವಿಲ್ಲದ ಕುತ್ತಿಗೆಯ ಗಂಟಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಹುಣ್ಣಾಗಲಿ, ಗಂಟಾಗಲಿ, ಧ್ವನಿ ಒಡೆಯುವುದಾಗಲಿ 3 ವಾರ ದಾಟಿದರೆ ಎಚ್‌ಎಲ್‌ಎ ಏನೇ ಇರಲಿ ವೈದ್ಯರಿಗೆ ತೋರಿಸಲೇಬೇಕು.

ಬೆಳ್ಳಿಚುಕ್ಕಿ

ಇದನ್ನು ಉಳಿಸಿಟ್ಟುಕೊಂಡೆ. ನಮ್ಮ ದಂತವೈದ್ಯರು ನಾಲಿಗೆ ಎಳೆದು ನೋಡಿದ್ದೇ ಇಲ್ಲ.

ನಸುಕು

ರೋಗನಿರೋಧಕ ಕಣಗಳ ನಡುವೆ ಸಂದೇಶ ಒಯ್ಯುವ ಪ್ರೊಟೀನ್‌ಗಳ ಟಿಎನ್‌ಎಫ್, ಐಎಲ್-10, ಐಎಲ್-6 ಜೀನ್‌ಗಳಲ್ಲಿನ ಸಣ್ಣ ವ್ಯತ್ಯಾಸಗಳಿಂದಲೂ ಬಾಯಿಯ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಹಲವು ಪ್ರಬಂಧಗಳಲ್ಲಿ ನೋಡಿದ್ದೇನೆ. ಅವುಗಳ ಬಗ್ಗೆ ಯಾರೂ ಬರೆಯಲಿಲ್ಲವೇಕೆ?

ಸಂಖ್ಯಾಪ್ರೇಮಿ

ನಾನು ಬೇಕೆಂದೇ ಬಿಟ್ಟೆ. ಅವುಗಳಲ್ಲಿ ಬಹುಪಾಲು, ಒಂದೆರಡು ನೂರು ರೋಗಿಗಳನ್ನು ಇಟ್ಟುಕೊಂಡು, ಮೊದಲೇ ಆರಿಸಿಕೊಂಡ ಜೀನ್ ಒಂದನ್ನು ನೋಡಿದ ಅಧ್ಯಯನಗಳು. ಒಂದು ಕಡೆ ಅಪಾಯ ಹೆಚ್ಚು ಎಂದು ಬಂದದ್ದು ಇನ್ನೊಂದು ಕಡೆ ಕಡಿಮೆ ಎಂದು ಬಂದಿದೆ. ಸಂಬಂಧವೇ ಇಲ್ಲದ ನೂರು ಜೀನ್‌ಗಳನ್ನು ಶೇಕಡ 5ರ ಮಿತಿಯಲ್ಲಿ ಪರೀಕ್ಷಿಸಿದರೂ ಐದು ‘ಸಂಬಂಧ ಇದೆ’ ಎಂದು ತೋರುತ್ತವೆ, ಆ ಐದೇ ಪ್ರಕಟವಾಗುತ್ತವೆ. ಇಡೀ ಜೀನೋಮ್ ನೋಡುವ ಅಧ್ಯಯನಗಳಲ್ಲಿ ಆ 5 ಶೇಕಡವನ್ನು ಹತ್ತು ಲಕ್ಷದಿಂದ ಭಾಗಿಸಿದಷ್ಟು ಬಿಗಿಯಾದ ಮಿತಿ ಇಡುವುದು ಇದೇ ಕಾರಣಕ್ಕೆ. ಆ ಜರಡಿಯಲ್ಲಿ ಎಚ್‌ಎಲ್‌ಎ ಉಳಿಯಿತು, ಮದ್ಯವನ್ನು ಅಸಿಟಾಲ್ಡಿಹೈಡ್ ಆಗಿ ಒಡೆಯುವ ಎಡಿಎಚ್1ಬಿ ಜೀನಿನ ಭಾಗ ಉಳಿಯಿತು. ನೀವು ಹೇಳುವ ಮೂರೂ ಉಳಿಯಲಿಲ್ಲ.

ನಸುಕು

ಅಷ್ಟು ಬಿಗಿಯಾದ ಮಿತಿಯಲ್ಲಿ ಸಣ್ಣ ಪರಿಣಾಮವಿರುವ ನಿಜವಾದ ಜೀನ್‌ಗಳೂ ಜಾರಿಹೋಗುತ್ತವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಉಳಿಯಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ.

ಸಂಖ್ಯಾಪ್ರೇಮಿ

ಒಪ್ಪಿದೆ. ಆದರೆ ಅಷ್ಟು ಸಣ್ಣ ಪರಿಣಾಮವನ್ನು ಒಬ್ಬ ವ್ಯಕ್ತಿಯ ವರದಿಯಲ್ಲಿ ಬರೆದು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಹಸಿರೆಲೆ

ಇನ್ನೊಂದೇ ಪ್ರಶ್ನೆ. ತಂದೆಗೆ ಕೊನೆಯಲ್ಲಿ ನಿವೊಲುಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಕೊಡುವ ಮಾತು ಬಂದಿತ್ತು, ಅಷ್ಟರಲ್ಲಿ ಕೈಮೀರಿತ್ತು. ಅದು ಕೆಲಸ ಮಾಡುವುದಕ್ಕೂ ಎಚ್‌ಎಲ್‌ಎಗೂ ಸಂಬಂಧವಿದೆಯೇ?

ಜೀವಕೋಶ

ಇದೆ. ಪಿಡಿ-1 ಎಂಬುದು ಟಿ ಕಣದ ಮೇಲಿರುವ ತಡೆ. ಅದನ್ನು ಕಂಡುಹಿಡಿದ ತಾಸುಕು ಹೊಂಜೊ ಅವರು ಜೇಮ್ಸ್ ಆಲಿಸನ್ ಅವರೊಂದಿಗೆ 2018ರ ನೊಬೆಲ್ ಹಂಚಿಕೊಂಡರು. ನಿವೊಲುಮ್ಯಾಬ್ ಆ ತಡೆಯನ್ನು ತೆಗೆಯುತ್ತದೆ, ಅಮೆರಿಕದಲ್ಲಿ 2016ರಿಂದ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೂ ಅನುಮತಿ ಪಡೆದಿದೆ. ಆದರೆ ತಡೆ ತೆಗೆದ ಮೇಲೂ ಟಿ ಕಣ ಗೆಡ್ಡೆಯನ್ನು ಗುರುತಿಸಬೇಕಾದದ್ದು ಎಚ್‌ಎಲ್‌ಎ ಮೂಲಕವೇ. ಈ ಗೆಡ್ಡೆಗಳಲ್ಲಿ ಎಷ್ಟೋ ತಮ್ಮ ಎಚ್‌ಎಲ್‌ಎಯನ್ನೇ ಕಳಚಿಕೊಂಡಿರುತ್ತವೆ. ನಿಮ್ಮ ರಕ್ತದ ವರದಿಯಲ್ಲಿ ಎರಡು ಸಂಖ್ಯೆ ಇರುವ ಕಡೆ ಗೆಡ್ಡೆಯಲ್ಲಿ ಒಂದೇ ಉಳಿದಿರಬಹುದು. ಪೂರ್ತಿ ಕಳಚಿಕೊಂಡರೆ ಸಹಜ ಮಾರಕ ಕಣಗಳು ಎಂಬ ಇನ್ನೊಂದು ಪಡೆ ಅದನ್ನೇ ಗುರುತಾಗಿ ಹಿಡಿದು ಕೊಲ್ಲುತ್ತದೆ, ಒಂದು ಪ್ರತಿಯನ್ನು ಮಾತ್ರ ಕಳೆದುಕೊಂಡರೆ ಎರಡೂ ಕಡೆಯಿಂದ ತಪ್ಪಿಸಿಕೊಳ್ಳುವ ಅವಕಾಶ ಸಿಗುತ್ತದೆ. ಆದ್ದರಿಂದ ಚಿಕಿತ್ಸೆಯ ವಿಷಯದಲ್ಲಿ ಕೇಳಬೇಕಾದದ್ದು ಹುಟ್ಟಿನಿಂದ ಬಂದ ಎಚ್‌ಎಲ್‌ಎ ಯಾವುದು ಎಂಬುದರ ಜೊತೆಗೆ ಗೆಡ್ಡೆಯಲ್ಲಿ ಅದರ ಎಷ್ಟು ಪಾಲು ಉಳಿದಿದೆ ಎಂಬುದನ್ನೂ.

ಪೂರ್ವದಿಕ್ಕು

ಈ ಕೊನೆಯ ಅಂಶಕ್ಕೆ ಒಂದು ಸೇರ್ಪಡೆ. ಸಾಮಾನ್ಯ ಚಿಕಿತ್ಸೆಯಲ್ಲಿ ವೈದ್ಯರು ನೋಡುವುದು ಗೆಡ್ಡೆಯ ಮೇಲಿನ ಪಿಡಿ-ಎಲ್1 (ಪಿಡಿ-1 ತಡೆಯನ್ನು ಒತ್ತುವ ಪ್ರೊಟೀನ್) ಪ್ರಮಾಣವನ್ನು. ಗೆಡ್ಡೆಯಲ್ಲಿ ಎಚ್‌ಎಲ್‌ಎ ಎಷ್ಟು ಉಳಿದಿದೆ ಎಂಬ ಪರೀಕ್ಷೆ ಹೆಚ್ಚಾಗಿ ಸಂಶೋಧನೆಯಲ್ಲೇ ನಡೆಯುತ್ತದೆ. ಆದ್ದರಿಂದ ಅದನ್ನು ಮಾಡಿಸಲಿಲ್ಲವೆಂದು ಹಸಿರೆಲೆ ಅವರಾಗಲಿ ಅವರ ಮನೆಯವರಾಗಲಿ ಕೊರಗಬೇಕಾಗಿಲ್ಲ.